ಬೀಳು ಹೊಲಕ್ಕೆ ಸಾಕ್ಷಿಯಾದ ಬದುವಿನಕ್ಕ

ಬೆಳೆದದ್ದನ್ನು ಅಳೆದು ತೂಗಿ ಬೆಲೆ ಕಟ್ಟುವವರು ಕೃಷಿ ಇಲಾಖೆಗಳಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಬೆಳೆಯದೆ ಬಿಟ್ಟದ್ದನ್ನು ಕಣ್ಣಾರೆ ಕಂಡು ಬಂದು, ‘ಹೌದು, ಇಲ್ಲಿ ಏನೂ ಇಲ್ಲ’ ಎಂದು ಬರೆದು ಸಹಿ ಹಾಕುವವರು ವಿರಳ. ಆ ವಿರಳರ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುವವರು ನಮ್ಮ ಜಿಲ್ಲಾ ಕೃಷಿ ಸಹಾಯಧನ ಕಚೇರಿಯ ಹಿರಿಯ ಕ್ಷೇತ್ರ ಪರಿವೀಕ್ಷಕಿ, ಈ ತಿಂಗಳ ಕೊನೆಗೆ ಸೇವೆಯಿಂದ ನಿವೃತ್ತರಾಗುತ್ತಿರುವ, ರೈತರಿಂದ ಹಿಡಿದು ಮೇಲಧಿಕಾರಿಗಳವರೆಗೆ ಎಲ್ಲರ ಬಾಯಲ್ಲೂ ‘ಬದುವಿನಕ್ಕ’ ಆಗಿಹೋದ ಮಾನ್ಯರು. ಇಂಥ ಅಭಿನಂದನ ಸಂಪುಟಗಳಲ್ಲಿ ಸನ್ಮಾನಿತರನ್ನು ಧೀರರೆಂದೂ ನಿರ್ಭೀತರೆಂದೂ ಹೊಗಳುವುದು ವಾಡಿಕೆ. ಅಕ್ಕನ ವಿಷಯದಲ್ಲಿ ಹಾಗೆ ಬರೆದರೆ ಕಚೇರಿಯ ಗೋಡೆಗಳೂ ನಕ್ಕಾವು. ಅವರಷ್ಟು ಭಯಸ್ಥರನ್ನು ನಮ್ಮ ಕಚೇರಿ ಕಂಡಿಲ್ಲ. ಆ ಭಯವೇ ಈ ಜಿಲ್ಲೆಯ ಸಾವಿರಾರು ಕುಟುಂಬಗಳನ್ನು ಕಾಪಾಡಿತು ಎಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಕ್ಷೇತ್ರ ವಿಭಾಗದಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. ಬಿಸಿಲು ಬೀಳದ ಮೂಲೆಯಲ್ಲಿ ಮೇಜು ಹಾಕಿಕೊಟ್ಟು, ಜೀಪಿನಲ್ಲಿ ಹೋಗಿ ಬಂದವರು ತಂದ ವರದಿಗಳಿಗೆ ಸಹಿ ಹಾಕುವ ಕೆಲಸವನ್ನು ಅಂದಿನ ಅಧಿಕಾರಿಗಳು ದೊಡ್ಡ ಉಪಕಾರವೆಂಬಂತೆ ಒಪ್ಪಿಸಿದರು. ವಾರ ಕಳೆಯುವುದರೊಳಗೆ ಹೊಸ ಹುಡುಗಿ ಅವರ ಬಾಗಿಲಲ್ಲಿ ನಿಂತಿದ್ದಳು.

“ಸಾರ್, ನನ್ನನ್ನ ಹೊಲಕ್ಕೆ ಕಳಿಸಿ.”

“ಯಾಕಮ್ಮಾ, ಇಲ್ಲಿ ಫ್ಯಾನಿದೆ, ನೆರಳಿದೆ, ಏನ್ ಕಷ್ಟ ನಿನಗೆ?”

“ನೋಡದೆ ಸಹಿ ಹಾಕೋಕೆ ಭಯ ಆಗುತ್ತೆ ಸಾರ್.”

ಹೀಗೆ ಧೈರ್ಯದಿಂದಲ್ಲ, ಭಯದಿಂದ ಅಕ್ಕ ಹೊಲಕ್ಕಿಳಿದರು. ಇಳಿದ ಮೇಲೆ ಅವರದೇ ಒಂದು ಪದ್ಧತಿ ಬೆಳೆಯಿತು. ಉಳಿದವರು ರಸ್ತೆಯಲ್ಲಿ ಜೀಪು ನಿಲ್ಲಿಸಿ, ಹಣೆಗೆ ಕೈಯೊಡ್ಡಿ ನೋಡಿ, ‘ಸರಿಯಾಗಿದೆ’ ಎಂದು ಬರೆದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರೆ, ಅಕ್ಕ ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಒಳಮಗ್ಗುಲಿಗೇ ಹೊಲವನ್ನು ಪೂರ್ತಿ ಸುತ್ತುತ್ತಿದ್ದರು. “ನಡುವೆ ಯಾರೂ ಮೋಸ ಮಾಡಲ್ಲ, ಮೂಲೇಲೇ ಮಾಡೋದು” ಎಂಬುದು ಅವರ ಮಾತು. ಸುತ್ತಿ ಮುಗಿಸಿ, ಹತ್ತಿರದ ಮರದ ಬುಡದಲ್ಲಿ ಕೂತು, ಅಲ್ಲೇ ಬರೆದು ಎದ್ದು ಬರುತ್ತಿದ್ದರು. ಬದುವಿನಕ್ಕ ಎಂಬ ಹೆಸರು ಬಂದದ್ದು ಹಾಗೆ. ಮೊದಲು ಅದು ಗೇಲಿಯ ಹೆಸರಾಗಿತ್ತು. ಎಂದಿನಿಂದ ಗೌರವದ ಹೆಸರಾಯಿತು ಎಂದು ಕೇಳಿದರೆ ನಮ್ಮಲ್ಲಿ ಯಾರಿಗೂ ನೆನಪಿಲ್ಲ.

ಅವರ ಉಪಕಾರಗಳಿಗೆ ಲೆಕ್ಕವಿಟ್ಟವರಿಲ್ಲ. ಅರ್ಜಿ ಕೊಡುವ ಕಿಟಕಿಯನ್ನು ಯಾವ ಪುಣ್ಯಾತ್ಮ ಕಟ್ಟಿಸಿದ್ದನೋ, ಎತ್ತರದವರು ಬಗ್ಗಬೇಕು, ಕುಳ್ಳಗಿದ್ದವರು ತುದಿಗಾಲಲ್ಲಿ ನಿಲ್ಲಬೇಕು, ಒಳಗಿದ್ದ ಗುಮಾಸ್ತನ ಮುಖ ಮಾತ್ರ ಯಾರಿಗೂ ಕಾಣಬಾರದು, ಹಾಗಿತ್ತು. ಅಕ್ಕ ಬಡಗಿಯೊಬ್ಬರನ್ನು ಕರೆಸಿ ಅದರ ಮರದ ಹಲಗೆಯನ್ನು ಕೊಯ್ಯಿಸಿ ತಗ್ಗಿಸಿ, ಹೊರಗೊಂದು ಬೆಂಚು ಹಾಕಿಸಿದರು. ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದ್ದೇಕೆಂದು ನೋಟಿಸು ಬಂತು. ಆ ನೋಟಿಸನ್ನು ದಿನಕ್ಕೆ ಹತ್ತು ಸಲ ತೆಗೆದು ಓದಿ ಹೆದರಿದರು. ಬೆಂಚನ್ನು ಮಾತ್ರ ತೆಗೆಸಲಿಲ್ಲ. ಗಾಬರಿಯಾಗಿ ಬಂದ ರೈತನಿಗೆ ‘ಆಗುತ್ತೆ ಬಿಡಿ’ ಎಂದು ಅವರು ಎಂದೂ ಸಮಾಧಾನ ಹೇಳಿದವರಲ್ಲ. “ನನಗೂ ಭಯ ಆಗ್ತಿದೆ. ಬನ್ನಿ, ಇಬ್ಬರೂ ಕೂತು ಇನ್ನೊಂದ್ಸಲ ನೋಡೋಣ” ಎನ್ನುತ್ತಿದ್ದರು. ಜೊತೆಗೆ ಹೆದರುವವರೊಬ್ಬರು ಸಿಕ್ಕರಲ್ಲ ಎಂಬುದರಲ್ಲೇ ಬಂದವರಿಗೆ ಅರ್ಧ ಧೈರ್ಯ ಬರುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಕದ್ದವನಿಗೆ ಹೇಳಿದ್ದು. ನಮ್ಮ ಅಕ್ಕ ಕುಂಬಳಕಾಯಿಯನ್ನೇ ಕಾಣದೆ ಇದ್ದರೂ ದಿನಕ್ಕೊಮ್ಮೆ ಹೆಗಲು ಮುಟ್ಟಿಕೊಂಡು ನೋಡುವವರು.

ಇನ್ನು ಅವರ ಸೇವೆಯ ನಡುಗಾಲದ ಆ ಒಂದು ಹಂಗಾಮಿಗೆ ಬರಬೇಕು. ಅದನ್ನು ಬಿಟ್ಟು ಅಕ್ಕನ ಬಗ್ಗೆ ಬರೆಯುವುದೆಂದರೆ ಬುಡ ಬಿಟ್ಟು ಮರವನ್ನು ವರ್ಣಿಸಿದಂತೆ.

ನಮ್ಮ ಕಚೇರಿಯ ಸಹಾಯಧನಗಳಲ್ಲಿ ಬೀಳು ಸಹಾಯಧನವೆಂಬುದೊಂದುಂಟು. ದಣಿದ ನೆಲಕ್ಕೆ ರೈತ ಒಂದೆರಡು ವರ್ಷ ಬಿಡುವು ಕೊಟ್ಟರೆ, ಆ ಹೊಲದ ಆದಾಯ ತಪ್ಪಿದ್ದಕ್ಕೆ ಸರ್ಕಾರ ಒಂದಿಷ್ಟು ತುಂಬಿಕೊಡುತ್ತದೆ. ಹುಲ್ಲು ತಾನಾಗಿ ಬಂದರೆ ಬರಲಿ. ಕೈಯಾರೆ ಒಂದು ಕಾಳನ್ನೂ ಬಿತ್ತಕೂಡದು. ಬಿತ್ತಿದ್ದು ಕಂಡುಬಂದರೆ ಆ ಹೊಲದ ಹಣ ಹೋಗುವುದು ಮಾತ್ರವಲ್ಲ, ಆ ಮನೆಯವರ ಹೆಸರು ಬೀಜ, ಗೊಬ್ಬರ, ನೀರು ಎಲ್ಲ ಸಹಾಯಧನಗಳಿಂದಲೂ ವರ್ಷಗಟ್ಟಲೆ ಹೊರಬೀಳುತ್ತದೆ. ನಿಯಮ ಅಷ್ಟು ಕಠಿಣ.

ಹಳ್ಳದ ಆಚೆ ದಿಬ್ಬದ ಮೇಲೆ ಅಂಥದೊಂದು ಬೀಳು ಹೊಲವಿತ್ತು. ಅದರ ಯಜಮಾನರು ಬೇಸಾಯದ ಜೊತೆಗೆ ಜೇನುಪೆಟ್ಟಿಗೆ ಸಾಕಿದವರು. ಎಲ್ಲರೂ ಜೇನಣ್ಣ ಎನ್ನುತ್ತಿದ್ದರು. ಹೆಸರಿನಲ್ಲಿ ಜೇನಿದ್ದರೂ ನಾಲಿಗೆಯಲ್ಲಿ ಅದರ ಕೊಂಡಿಯಷ್ಟೇ ಇತ್ತು. ನಮ್ಮ ಕಚೇರಿಯಲ್ಲಿ ಅವರಿಂದ ಬೈಸಿಕೊಳ್ಳದ ಮನುಷ್ಯನಿರಲಿಲ್ಲ. ಅಕ್ಕ ಹೊಲ ಸುತ್ತುವುದನ್ನು ಕಂಡು ಅವರು ಬದುವಿನ ಮೇಲಿಂದ ಕೂಗುವುದಿತ್ತು: “ಏನಮ್ಮಾ, ಏನೂ ಇಲ್ಲದ್ದನ್ನ ನೋಡೋಕೂ ಸಂಬಳ ಕೊಡ್ತಾರಾ ನಿಮಗೆ?” ಅವರಿಗೆ ಒಬ್ಬಳೇ ಮಗಳು. ಹೆಂಡತಿ ತೀರಿಕೊಂಡ ಮೇಲೆ ಅವರ ದನಿ ಇಳಿಯುತ್ತಿದ್ದುದು ಆ ಮಗಳ ಮುಂದೆ ಮಾತ್ರ.

ಆ ವರ್ಷ ಅಕ್ಕ ಎಂದಿನಂತೆ ದಿಬ್ಬದ ಹೊಲ ಸುತ್ತಿ, ಏನೂ ಬೆಳೆದಿಲ್ಲವೆಂದು ಬರೆದು ಸಹಿ ಹಾಕಿದ್ದರು. ತಿಂಗಳುಗಳು ಉರುಳಿದವು. ಹಣ ಬಿಡುಗಡೆಯಾಗುವ ಹೊತ್ತಿಗೆ ಕೇಂದ್ರ ಕಚೇರಿಯಿಂದ ತನಿಖಾ ತಂಡವೊಂದು ಬಂದಿಳಿಯಿತು. ಅವರ ಬಳಿ ಆಕಾಶದಿಂದ ತೆಗೆದ ಚಿತ್ರಗಳಿದ್ದವು. ಒಂದು ಚಿತ್ರವನ್ನು ಅವರು ಅಕ್ಕನ ಮೇಜಿನ ಮೇಲಿಟ್ಟರು. ದಿಬ್ಬದ ಬೀಳು ಹೊಲದ ಅಂಚಿಗೆ, ಸೀರೆಗೆ ಜರಿ ಹಚ್ಚಿದ ಹಾಗೆ, ಹಳದಿ ಗೆರೆಯೊಂದು ಸುತ್ತಲೂ ಹೋಗಿತ್ತು.

“ಸೂರ್ಯಕಾಂತಿ,” ಎಂದರು ತನಿಖಾಧಿಕಾರಿಗಳು. ಮೆತ್ತಗೆ ಮಾತಾಡುವ, ಬಿಳಿ ಮೀಸೆಯ ಸಭ್ಯರು. “ಜೇನು ಸಾಕೋ ಮನುಷ್ಯ. ಬೀಳು ಅಂತ ದುಡ್ಡು ತಗೊಂಡು, ಜೇನಿಗೆ ಹೂ ಬೆಳ್ಕೊಂಡಿದ್ದಾನೆ. ನಿಮಗೆ ಕಾಣ್ಲಿಲ್ವಾ ಮೇಡಂ?”

ಅಕ್ಕ ಚಿತ್ರವನ್ನು ಹತ್ತಿರಕ್ಕೆಳೆದುಕೊಂಡರು. ಮೂಲೆ ಮೂಲೆಯನ್ನೂ ನೋಡಿದ್ದರಲ್ಲ! ಅವರು ಹೋದಾಗ ನೆಲ ಬೋಳಾಗಿತ್ತು, ಹಿಂದಿನ ದಿನದ ಮಳೆಗೆ ಮೆತ್ತಗಾಗಿತ್ತು, ಅದಷ್ಟೇ ನೆನಪು. ಯಾರಾದರೂ ಬಿತ್ತಿದ್ದರೆ ಅವರು ಬಂದುಹೋದ ಮೇಲೆಯೇ ಬಿತ್ತಿರಬೇಕು. ಅವರು ಹಾಗೆ ಯೋಚಿಸುತ್ತಿರುವಾಗಲೇ ಬಾಗಿಲಲ್ಲಿ ಜೇನಣ್ಣ ಕಾಣಿಸಿದರು. ವಿಚಾರಣೆಯ ಸುದ್ದಿ ಅವರಿಗೂ ಮುಟ್ಟಿತ್ತು. ಈಗ ಕುರ್ಚಿ ಹಾರುತ್ತದೆ ಎಂದು ನಾವೆಲ್ಲ ಸರಿದು ಜಾಗ ಮಾಡಿಕೊಟ್ಟೆವು. ಜೇನಣ್ಣ ಕೂಗಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದು, ನೆಲ ನೋಡುತ್ತ ಹೇಳಿದರು:

“ನಾನೇ ಹಾಕಿದ್ದು. ಬರ್ಕೊಳ್ಳಿ.”

ಬೈಯದ ಜೇನಣ್ಣನನ್ನು ಕಂಡು ಅಕ್ಕನಿಗೆ ಅನುಮಾನ ಬಂತು. “ಯಾವಾಗ ಹಾಕಿದ್ರಿ? ಬೀಜ ಎಲ್ಲಿಂದ ತಂದ್ರಿ?” ಎಂದು ಕೇಳಿದರು.

“ಅದೆಲ್ಲ ಯಾಕಮ್ಮಾ? ನಾನೇ ಅಂದ್ನಲ್ಲ. ನನ್ನ ಮಗಳಿಗೂ ಇದಕ್ಕೂ ಸಂಬಂಧ ಇಲ್ಲ, ಅದನ್ನೂ ಬರ್ಕೊಳ್ಳಿ.”

ಯಾರೂ ಮಗಳ ಸುದ್ದಿ ಎತ್ತಿರಲಿಲ್ಲ. ತನಿಖಾಧಿಕಾರಿಗಳಿಗೆ ಅದು ಕೇಳಿಸಲಿಲ್ಲವೇನೋ. ಒಪ್ಪಿಗೆ ಸಿಕ್ಕಿತೆಂದು ಚಿತ್ರಗಳನ್ನು ಎತ್ತಿಟ್ಟುಕೊಂಡರು. ಅಕ್ಕನಿಗೆ ಮಾತ್ರ ಕೇಳಿಸಿತು. ಮಧ್ಯಾಹ್ನದ ಊಟವನ್ನು ಹಾಗೇ ಬಿಟ್ಟು, ಸಿಕ್ಕ ಬಸ್ಸು ಹತ್ತಿ, ಹಳ್ಳ ದಾಟಿ ದಿಬ್ಬಕ್ಕೆ ಹೋದರು.

ಹೂಗಳು ಎದೆಮಟ್ಟಕ್ಕೆ ಬೆಳೆದಿದ್ದವು. ಬಿತ್ತಿದವರು ಯಾರೇ ಆಗಲಿ, ಕಸುಬು ಗೊತ್ತಿಲ್ಲದವರು ಎಂದು ಅಕ್ಕನಿಗೆ ಮೊದಲು ಅನಿಸಿತು. ಒಂದು ಕಡೆ ಒತ್ತಾಗಿ, ಒಂದು ಕಡೆ ವಿರಳವಾಗಿ, ಸಾಲೆನ್ನುವ ಸಾಲೇ ಅಲ್ಲ ಅದು. ಬದುವಿನ ಒಳಮಗ್ಗುಲಿಗೇ ಹೋಗಿದ್ದ ಗೆರೆ ಕಲ್ಲುಗುಡ್ಡೆಯ ಹತ್ತಿರ ಸುತ್ತು ಹಾಕಿ, ಮೂಲೆಯಲ್ಲಿ ಒಳಕ್ಕೆ ಹೋಗಿ ಹೊರಬಂದಿತ್ತು. ಮೂಲೆಯೊಳಕ್ಕೆ ಹೋಗಿ ಬರುವವರು ಯಾರು? ಗೆರೆಯ ಪಕ್ಕದಲ್ಲೇ ನಡೆಯುತ್ತ ಹೋದ ಅಕ್ಕನ ಕಾಲು ನಿಧಾನವಾಯಿತು. ಕೊನೆಗೆ ಗೆರೆ ಬದುವನ್ನು ಬಿಟ್ಟು, ಒಂಟಿ ಮರದ ಕಡೆಗೆ ಓರೆಯಾಗಿ ಹೋಗಿ, ಅದರ ಬುಡದಲ್ಲಿ ಒಂದು ದೊಡ್ಡ ಗುಂಪಾಗಿ ನಿಂತುಬಿಟ್ಟಿತ್ತು. ಅಲ್ಲಿ, ಆ ಬುಡದಲ್ಲಿ, ಕಾಲು ಚಾಚಿ, ಚೀಲವನ್ನು ಪಕ್ಕಕ್ಕಿಟ್ಟು ಕೂತು ಬರೆಯುವವರು ಜಿಲ್ಲೆಯಲ್ಲಿ ಒಬ್ಬರೇ.

ಅದು ಬಿತ್ತನೆಯಾಗಿರಲಿಲ್ಲ. ಅದು ಅಕ್ಕನ ನಡಿಗೆಯಾಗಿತ್ತು.

ಚೀಲದ ಸಂಗತಿಯನ್ನು ಇಲ್ಲಿ ಹೇಳಬೇಕು. ಅಕ್ಕನ ಪತಿ ದರ್ಜಿ. ಕೊಟ್ಟ ಅಳತೆಗೆ ಕೂದಲೆಳೆ ಆಚೀಚೆ ಆಗದಂತೆ ಹೊಲಿಯುವ ಕಸುಬುದಾರರು. ಉಳಿದ ದಪ್ಪ ಬಟ್ಟೆಯಲ್ಲಿ ಹೆಂಡತಿಗೊಂದು ಜೋಳಿಗೆಯಂಥ ಚೀಲ ಹೊಲಿದುಕೊಟ್ಟಿದ್ದರು. ಸಹಾಯಧನದಲ್ಲಿ ಹಂಚುವ ಬೀಜದಲ್ಲಿ ಜೊಳ್ಳಿರಬಹುದೆಂಬ ಭಯಕ್ಕೆ ಅಕ್ಕ ಪ್ರತಿ ಮೂಟೆಯಿಂದಲೂ ಗೋದಾಮಿನವನ ಕೈಯಿಂದ ಒಂದೆರಡು ಹಿಡಿ ತೆಗೆಸಿ ಚೀಲಕ್ಕೆ ಹಾಕಿಕೊಂಡು ಬಂದು, ಕಚೇರಿಯ ಕಿಟಕಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಮೊಳಕೆ ಬರಿಸಿ ನೋಡುತ್ತಿದ್ದರು. ಆ ದಿನವೂ ಬೀಜದ ಗೋದಾಮಿನಿಂದ ನೇರವಾಗಿ ದಿಬ್ಬಕ್ಕೆ ಬಂದಿದ್ದರು. ಚೀಲದಲ್ಲಿ ಇದ್ದದ್ದು ಸೂರ್ಯಕಾಂತಿ. ಚೀಲದ ಮೂಲೆ ಸವೆದು ತೂತಾಗಿತ್ತು. ಹೊಲಿದುಕೊಡಿ ಎಂದು ಅವರು ಹೇಳುತ್ತಲೇ ಇದ್ದರು, ‘ನಾಳೆ’ ಎಂದು ಪತಿ ಅನ್ನುತ್ತಲೇ ಇದ್ದರು. ಊರಿಗೆಲ್ಲ ಹೊಲಿದುಕೊಡುವವರ ಮನೆಯಲ್ಲೇ ಹರಕು ಬಟ್ಟೆ ಉಳಿಯುವುದು. ಕಚೇರಿಗೆ ಬಂದು ಮೊಳಕೆಗಿಡುವಾಗ ಕಾಳು ಕಡಿಮೆ ಕಂಡದ್ದನ್ನು ಅಕ್ಕ ಗಮನಿಸಿದ್ದರು. ಗೋದಾಮಿನವನು ಕೈ ಬಿಗಿ ಮಾಡಿದನೆಂದುಕೊಂಡು ಸುಮ್ಮನಾಗಿದ್ದರು. ಎಲ್ಲವನ್ನೂ ಇನ್ನೊಂದು ಸಲ ನೋಡುವವರು ಅದೊಂದನ್ನು ನೋಡಿರಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯುವುದನ್ನು ನಾವು ಕೇಳಿದ್ದೇವೆ. ಇಲ್ಲಿ ಬೇಲಿಯೇ ಎದ್ದು ಹೊಲ ಬಿತ್ತಿತ್ತು.

ಚೀಲವೇ ಸಾಕ್ಷಿ ಎಂದುಕೊಂಡು ಅಕ್ಕ ಏದುಸಿರು ಬಿಡುತ್ತ ಮನೆಗೆ ಬಂದರು. ಪತಿ ಅಂಗಡಿಯ ಬಾಗಿಲಲ್ಲೇ ನಗುತ್ತ ನಿಂತಿದ್ದರು. ಮೊಳೆಗೆ ನೇತುಹಾಕಿದ್ದ ಚೀಲವನ್ನು ತೆಗೆದು ತೋರಿಸಿದರು. “ಬೆಳಿಗ್ಗೆ ನೀನು ಇದನ್ನ ಮರೆತು ಹೋಗಿದ್ದೆ ನೋಡು. ಕೊನೆಗೂ ಹೊಲಿದೆ! ಎರಡು ಪದರ ಹಾಕಿದ್ದೀನಿ, ಇನ್ನು ನಿನ್ನ ಮೊಮ್ಮಕ್ಕಳ ಕಾಲಕ್ಕೂ ಹರಿಯಲ್ಲ.”

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತರು. ಮದುವೆಯಾದಂದಿನಿಂದ ತಾವು ಮಾಡಿದ ಯಾವ ಕೆಲಸಕ್ಕೂ ಹೆಂಡತಿ ಹೀಗೆ ಅತ್ತಿರಲಿಲ್ಲವಾದ್ದರಿಂದ ದರ್ಜಿಗಳಿಗೆ ಕೈಕಾಲೇ ಆಡಲಿಲ್ಲ. ಎಲ್ಲ ಕೇಳಿದ ಮೇಲೆ ಅವರು ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಆಮೇಲೆ ಮೆಲ್ಲಗೆ ಅಂದರು: “ಆ ಮನುಷ್ಯ ತಾನೇ ಅಂತ ಒಪ್ಕೊಂಡಾಗಿದೆ. ನೀನು ಸುಮ್ಮನಿದ್ರೆ ಆಗಲ್ವಾ?”

“ಸುಮ್ಮನಿರೋಕೆ ಬಂದಿದ್ರೆ ಎಷ್ಟು ಚೆನ್ನಾಗಿತ್ತು ರೀ” ಎಂದರು ಅಕ್ಕ.

ಮರುದಿನ ಅವರು ಹೋದದ್ದು ನಮ್ಮ ಕಚೇರಿಯ ಮುಖ್ಯಸ್ಥರಾಗಿದ್ದ ದೊಡ್ಡ ಸಾಹೇಬರ ಬಳಿಗೆ. ಸಾಹೇಬರು ಕೆಟ್ಟವರಲ್ಲ. ಬಾಗಿಲು ಮುಚ್ಚಿ, ಅಕ್ಕನನ್ನು ಕೂರಿಸಿ, ಬಿಡಿಸಿ ಹೇಳಿದರು. “ನಿಮ್ಮ ಕೈಯಿಂದಲೇ ಬೀಜ ಬಿತ್ತು ಅಂತ ಒಪ್ಕೊಂಡ್ರೆ ನಿಮ್ಮ ಸಹಿ ಮೇಲೇ ಅನುಮಾನ ಬರುತ್ತೆ. ಆಗ ಈ ಹಂಗಾಮಿನಲ್ಲಿ ನೀವು ಸಹಿ ಹಾಕಿದ ಅಷ್ಟೂ ಹೊಲಗಳ ಹಣ ನಿಲ್ಲುತ್ತೆ. ಅರ್ಧ ಜಿಲ್ಲೆ ಬಿತ್ತನೆಗೆ ಅದನ್ನೇ ನಂಬ್ಕೊಂಡು ಕೂತಿದೆ. ಆ ಬಾಯಿಬಡುಕ ಒಬ್ಬನಿಗೋಸ್ಕರ ಅಷ್ಟು ಜನರ ಅನ್ನಕ್ಕೆ ಕಲ್ಲು ಹಾಕ್ತೀರಾ? ಯೋಚನೆ ಮಾಡಿ.”

ಅಕ್ಕ ಯೋಚನೆ ಮಾಡಿದರು. ಯೋಚನೆ ಮಾಡುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ವಾರ ಅವರ ಸ್ಥಿತಿ ಬಿಸಿ ತುಪ್ಪ ಬಾಯಿಗಿಟ್ಟುಕೊಂಡಂತೆ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ತಾವೇ ಹಾಕಿಸಿದ ಹೊರಗಿನ ಬೆಂಚಿನ ಮೇಲೆ ಕೂತು, ಹಣ ಯಾವಾಗ ಬರುತ್ತದೆಂದು ಕೇಳಲು ಬಂದವರ ಮುಖಗಳನ್ನು ಕದ್ದು ನೋಡುತ್ತಿದ್ದರು. ಆಲೂಗಡ್ಡೆ ಬೆಳೆಯುವ ರೈತರೊಬ್ಬರು ಬೀಜದಗಡ್ಡೆಗೆ ಮಾತು ಕೊಟ್ಟು ಬಂದಿರುವುದಾಗಿಯೂ, ಇನ್ನು ಹತ್ತಾರು ದಿನದಲ್ಲಿ ಹಣ ಕೈಸೇರದಿದ್ದರೆ ಗಡ್ಡೆ ಬೇರೆಯವರ ಪಾಲಾಗುವುದಾಗಿಯೂ ಹೇಳಿದರು. “ನಿಮ್ಮ ಸಹಿ ಇದೆಯಲ್ಲಕ್ಕಾ, ನಮಗೇನು ಭಯ” ಎಂದು ನಕ್ಕರು. ಆ ನಗುವನ್ನು ನೋಡಲಾಗದೆ ಅಕ್ಕ ಎದ್ದುಹೋದರು. ಮಾತಾಡಿದರೆ ಈ ಮನುಷ್ಯ ಕೆಡುತ್ತಾನೆ. ಮಾತಾಡದಿದ್ದರೆ, ಮಾಡದ ತಪ್ಪನ್ನು ಟೋಪಿ ತೆಗೆದು ಒಪ್ಪಿಕೊಂಡ ಆ ಮನುಷ್ಯ ಕೆಡುತ್ತಾನೆ. ಒಂದು ಕಡೆ ಸಾಲುಗಟ್ಟಿದ ಜನ, ಒಂದು ಕಡೆ ಅಪ್ಪ ಮಗಳು ಇಬ್ಬರೇ. ತೂಕ ನೋಡಿದರೆ ದೊಡ್ಡ ಸಾಹೇಬರ ಮಾತೇ ಸರಿ. ಆದರೆ ಒಂದು ಕಡೆಯವರ ಹಣ ತಡವಾಗುವುದು. ಇನ್ನೊಂದು ಕಡೆಯವರದು ಸುಳ್ಳಿನಿಂದ ಮುಳುಗುವುದು. ತಡವಾದದ್ದನ್ನು ಓಡಾಡಿ ಸರಿಮಾಡಬಹುದು, ಮುಳುಗಿದ್ದನ್ನು ಯಾರು ಎತ್ತುವವರು?

ಕೊನೆಗೆ ತನಿಖಾಧಿಕಾರಿಗಳಿಗೆ ಅವರು ಒಂದೇ ಬಿನ್ನಹ ಮಾಡಿದರು: ವಿಚಾರಣೆ ಕಚೇರಿಯಲ್ಲಿ ಬೇಡ, ಹೊಲದಲ್ಲಿ ನಡೆಯಲಿ.

ಆ ಬೆಳಿಗ್ಗೆ ದಿಬ್ಬದ ಮೇಲೆ ತನಿಖಾ ತಂಡವಿತ್ತು, ದೊಡ್ಡ ಸಾಹೇಬರಿದ್ದರು, ಕಚೇರಿಯಿಂದ ನಾವೊಂದಿಷ್ಟು ಜನರಿದ್ದೆವು. ಬದುವಿನ ಆ ತುದಿಯಲ್ಲಿ ಜೇನಣ್ಣ, ಈ ತುದಿಯಲ್ಲಿ ಅವರ ಮಗಳು, ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದರು. ಅಕ್ಕನ ಹಿಂದೆ ಅವರ ಪತಿ, ಜೇಬಿನಲ್ಲಿ ಸಣ್ಣ ಕತ್ತರಿ. ಅಕ್ಕ ತನಿಖಾಧಿಕಾರಿಗಳ ಎದುರಿಗೆ ಬಂದು ನಿಂತರು.

“ಸಾರ್, ಈ ಹೂ ಹಾಕಿದ್ದು ನಾನು. ಬೇಕು ಅಂತಲ್ಲ. ನನ್ನ ಚೀಲ ತೂತಾಗಿತ್ತು.”

“ಚೀಲ ತೋರಿಸಿ” ಎಂದರು ತನಿಖಾಧಿಕಾರಿಗಳು. ನೋಡಿದರು. “ಗಟ್ಟಿಯಾಗಿದೆಯಲ್ಲ ಮೇಡಂ.”

ದರ್ಜಿಗಳು ಮುಂದೆ ಬಂದರು. ಮುಖ ಕೆಂಪಾಗಿತ್ತು. “ನಾನೇ ಹೊಲಿದಿದ್ದು ಸ್ವಾಮಿ, ಹೋದ ವಾರ. ಇವಳು ಎಷ್ಟೋ ದಿನದಿಂದ ಹೇಳ್ತಿದ್ಲು, ಹೊಲಿಬೇಕಾದಾಗ ಹೊಲೀಲಿಲ್ಲ. ಹೊಲಿಬಾರದಾಗ ಹೊಲಿದೆ.” ತಾವು ಹಾಕಿದ ಹೊಲಿಗೆಯನ್ನು ಜನರೆದುರು ತಾವೇ ಬಿಚ್ಚುವುದೆಂದರೆ ಆ ಕಸುಬಿನವರಿಗೆ ಎಷ್ಟು ಅವಮಾನವೆಂಬುದು ಅವರ ಕೈ ನೋಡಿದರೇ ತಿಳಿಯುತ್ತಿತ್ತು. ಕತ್ತರಿಗೆ ಒಳಪದರ ಬಿಚ್ಚಿಕೊಂಡಾಗ, ಮಡಿಕೆಯಲ್ಲಿ ಸಿಕ್ಕಿಹಾಕಿಕೊಂಡಿದ್ದ ಒಂದು ಸೂರ್ಯಕಾಂತಿ ಕಾಳು ತನಿಖಾಧಿಕಾರಿಗಳ ಬೂಟಿನ ಮೇಲೆ ಬಿತ್ತು. ಅವರು ಬಗ್ಗಿ ಎತ್ತಿಕೊಂಡರು.

ಅಕ್ಕ ಗೋದಾಮಿನಿಂದ ತಂದಿದ್ದ ಕಾಳನ್ನು ಹಿಡಿ ಹಿಡಿಯಾಗಿ ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಬಿಟ್ಟು, ಯಾವತ್ತಿನ ಹಾಗೆ ಹೊರಟರು. ನಾವೆಲ್ಲ ಹಿಂದೆ ನಡೆದೆವು. ಹೂಗಳ ಗೆರೆ ಎಲ್ಲಿ ಸುತ್ತು ಹಾಕಿತ್ತೋ ಅಲ್ಲಿ ಅಕ್ಕ ಕಲ್ಲುಗುಡ್ಡೆಯನ್ನು ಸುತ್ತಿದರು. ಎಲ್ಲಿ ಒಳಕ್ಕೆ ಹೋಗಿತ್ತೋ ಅಲ್ಲಿ ಮೂಲೆಯೊಳಕ್ಕೆ ಬಗ್ಗಿ ನೋಡಿ ಬಂದರು. ಕಾಳು ಕೆಲವು ಕಡೆ ಒಂದೊಂದಾಗಿ, ಕೆಲವು ಕಡೆ ಚೆಲ್ಲಿದಂತೆ, ಗಿಡಗಳ ಬುಡಕ್ಕೇ ಬೀಳುತ್ತ ಹೋಯಿತು. ಮರದ ಬುಡದಲ್ಲಿ ಹೂಗಳ ನಡುವೆ ಕಾಲು ಚಾಚಿ ಕೂತು ಚೀಲವನ್ನು ಪಕ್ಕಕ್ಕಿಟ್ಟಾಗ ಉಳಿದ ಕಾಳಿನಲ್ಲಿ ಬಹುಪಾಲು ಸುರ್ರೆಂದು ನೆಲಕ್ಕೆ ಸುರಿಯಿತು. ಮೊದಲು ಕೂಗಿದ್ದು ಜೇನಣ್ಣನ ಮಗಳು.

“ಅಪ್ಪಾ! ನೀನಲ್ವಾ ಹಾಕಿದ್ದು?”

“ನಾನ್ಯಾಕೆ ಹಾಕ್ಲಿ? ಜೇನಿಗೆ ಹೂ ಬೇಕು, ಹೂ ಬೇಕು ಅಂತ ನೀನು ಪ್ರಾಣ ತಿಂತಿರಲಿಲ್ವಾ? ನೀನೇ ಹಾಕಿದ್ದು ಅಂದ್ಕೊಂಡೆ.”

“ನೀನು ಹಾಕಿದ್ದೀಯ ಅಂತ ನಾನು ಬಾಯಿ ಬಿಡಲಿಲ್ಲ!”

ತೊರೆದು ಹೋಗಿದ್ದ ಜೇನಣ್ಣನ ಕಂಠ ಆ ಕ್ಷಣಕ್ಕೆ ಮರಳಿ ಬಂತು. ಅಕ್ಕನ ಕಡೆ ತಿರುಗಿ ಗುಡುಗಿದರು: “ನೋಡಮ್ಮಾ, ಹೇಳಿಬಿಡ್ತೀನಿ, ಬಿತ್ತಿದ್ದಕ್ಕೆ ಕೂಲಿ ಗೀಲಿ ಕೇಳ್ಬೇಡ, ನಾನು ಕೊಡಲ್ಲ!” ಆಮೇಲೆ ಟೋಪಿಯನ್ನು ಮುಖಕ್ಕೆ ಒತ್ತಿಕೊಂಡು ಅತ್ತ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು.

ತನಿಖಾಧಿಕಾರಿಗಳು ಕಾಳನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದರು. “ಇವರ ವಿಷಯ ಮುಗೀತು. ಆದರೆ ಮೇಡಂ, ನೀವು ಸಹಿ ಹಾಕಿದ ಬೇರೆ ಹೊಲಗಳನ್ನ ನಾವು ಈಗ ಹೇಗೆ ನಂಬೋದು?”

“ನಂಬಬೇಡಿ ಸಾರ್,” ಎಂದರು ಅಕ್ಕ. “ಬನ್ನಿ, ಇನ್ನೊಂದ್ಸಲ ನೋಡೋಣ.”

ಮುಂದಿನದನ್ನು ಸಿಹಿ ಮಾಡಿ ಹೇಳುವುದು ಅಕ್ಕನಿಗೂ ಇಷ್ಟವಾಗದು. ದೊಡ್ಡ ಸಾಹೇಬರು ಹೇಳಿದಂತೆಯೇ ಆಯಿತು. ಹಣ ನಿಂತಿತು. ಬೀಳು ಹೊಲ, ಬೆಳೆ ಹೊಲ ಎನ್ನದೆ ಅಷ್ಟನ್ನೂ ಅಕ್ಕ ತನಿಖಾ ತಂಡದ ಜೊತೆ ಮತ್ತೆ ಸುತ್ತಿದರು. ಹೋದ ಊರುಗಳಲ್ಲಿ ಜನ ಮುಖ ತಿರುಗಿಸಿದರು, ಕುಡಿಯಲು ನೀರು ಕೊಡಲಿಲ್ಲ, ಬೆನ್ನ ಹಿಂದೆ ಆಡಬಾರದ್ದನ್ನು ಆಡಿದರು. ಒಂದು ಹೊಲದಲ್ಲೂ ಅವರ ಮಾತು ಸುಳ್ಳಾಗಲಿಲ್ಲ. ಹಣ ಬಿಡುಗಡೆಯಾಯಿತು, ತಡವಾಗಿ. ಬಹುಪಾಲು ಜನಕ್ಕೆ ಬಿತ್ತನೆಗೆ ಸಿಕ್ಕಿತು. ಆಲೂಗಡ್ಡೆಯ ರೈತರಿಗೆ ಸಿಗಲಿಲ್ಲ. ಅವರ ಅರ್ಧ ಹೊಲ ಆ ವರ್ಷ ಖಾಲಿ ಉಳಿಯಿತು, ಅದಕ್ಕೆ ಯಾವ ಸಹಾಯಧನವೂ ಇರಲಿಲ್ಲ. ಅಕ್ಕ ಅವರ ಮನೆಗೆ ಹೋಗಿ, ಇದು ನನ್ನಿಂದಾದದ್ದು ಎಂದು ಹೇಳಿದರು. ಆ ಮನುಷ್ಯ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಮರುವರ್ಷ ಹೋದರು, ಆಗಲೂ ಬಾಗಿಲಲ್ಲೇ. ಅದರ ಮುಂದಿನ ವರ್ಷ ಅವರು ಒಳಗಿನಿಂದ ಒಂದು ಕುರ್ಚಿ ತಂದಿಟ್ಟರು. ತಮಗೆ ಸಿಕ್ಕ ಸನ್ಮಾನಗಳಲ್ಲಿ ಯಾವುದು ದೊಡ್ಡದೆಂದು ಕೇಳಿದರೆ ಅಕ್ಕ ಇಂದಿಗೂ ಆ ಕುರ್ಚಿಯನ್ನು ಹೇಳುತ್ತಾರೆ. ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಮಾತೊಂದು ದಾಖಲಾಗಿ, ಬರಬೇಕಾಗಿದ್ದ ಬಡ್ತಿ ಬರಲಿಲ್ಲ. ಅವರ ಕೈಕೆಳಗೆ ಕೆಲಸ ಕಲಿತವರು ಅವರ ಮೇಲಧಿಕಾರಿಗಳಾದರು. ಈ ಸಂಪುಟದ ಸಂಪಾದಕರಲ್ಲೂ ಅಂಥವರಿದ್ದಾರೆ, ಅವರಿಗೆ ಇದನ್ನು ಓದಿ ಸ್ವಲ್ಪ ಮುಜುಗರವಾದರೆ ಆಗಲಿ.

ಅಂದಿನಿಂದ ನಮ್ಮ ಕಚೇರಿಯಲ್ಲೊಂದು ರೂಢಿ ಬಂದಿದೆ. ಬೀಳು ಹೊಲಕ್ಕೆ ಕಾಲಿಡುವ ಮುನ್ನ ಪ್ರತಿಯೊಬ್ಬ ಪರಿವೀಕ್ಷಕರೂ ರಸ್ತೆಯಲ್ಲೇ ನಿಂತು ಚೀಲವನ್ನು ಬುಡಮೇಲು ಮಾಡಿ, ಜೇಬು ತಿರುವಿ, ಪ್ಯಾಂಟಿನ ಮಡಿಕೆ ಬಿಚ್ಚಿ ಕೊಡವಿಕೊಳ್ಳುತ್ತಾರೆ. ಯಾವ ಸುತ್ತೋಲೆಯಲ್ಲೂ ಇದಿಲ್ಲ. ಹೊಸದಾಗಿ ಬಂದವರಿಗೆ ಕಾರಣವೂ ಗೊತ್ತಿಲ್ಲ. ‘ಅಕ್ಕನ ಕೊಡವು’ ಎಂದಷ್ಟೇ ಗೊತ್ತು.

ಕಳೆದ ತಿಂಗಳು ಅಕ್ಕ ತಮ್ಮ ಕೊನೆಯ ತಪಾಸಣೆಗೆ ದಿಬ್ಬಕ್ಕೆ ಹೋದರು. ಜೊತೆಗೆ ಅವರ ಜಾಗಕ್ಕೆ ಬಂದಿರುವ ಹೊಸ ಪರಿವೀಕ್ಷಕರು. ಜಮೀನು ಈಗ ಮಗಳು ನೋಡಿಕೊಳ್ಳುತ್ತಾರೆ. ಜೇನಣ್ಣ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಅಕ್ಕ ರೂಢಿಯಂತೆ ಚೀಲ ತಿರುವಲು ಹೊರಟಾಗ ಮಗಳು ಅವರ ಕೈ ಹಿಡಿದರು.

“ಕೊಡವಬೇಡಿ ಅಕ್ಕಾ. ಮತ್ತೆ ಎರಡು ವರ್ಷ ಬೀಳು ಬಿಟ್ಟಿದ್ದ ಈ ಹೊಲಾನ ಈಗ ಬೀಳಿಂದ ಬಿಡಿಸ್ಕೊಂಡಿದ್ದೀನಿ. ಈ ವರ್ಷ ಸೂರ್ಯಕಾಂತಿ ಹಾಕ್ತೀನಿ. ಮೊದಲ ಸುತ್ತು ನೀವೇ ಬಿತ್ತಬೇಕು.”

ಅಕ್ಕನ ಮುಖದಲ್ಲಿ ಸಂತೋಷಕ್ಕೂ ಮೊದಲು ಗಾಬರಿ ಬಂತು. “ಬಿಡಿಸ್ಕೊಂಡಿದ್ದು ಕಚೇರಿಗೆ ತಿಳಿಸಿದ್ದೀಯಾ? ಮಂಜೂರಾಗಿದೆ ತಾನೆ?” ಆಗಿದೆ ಎಂದರು ಮಗಳು. ಅಕ್ಕ ಹೊಸ ಪರಿವೀಕ್ಷಕರ ಕಡೆ ತಿರುಗಿದರು. ಆಗಿದೆ ಮೇಡಂ ಎಂದರು ಅವರೂ. “ಇನ್ನೊಂದ್ಸಲ ನೋಡಪ್ಪಾ” ಎಂದರು ಅಕ್ಕ. ಅವರು ಇನ್ನೊಂದು ಸಲ ನೋಡಿ ಹೇಳಿದ ಮೇಲೆಯೇ ಅಕ್ಕ ಚಪ್ಪಲಿ ಬಿಟ್ಟು, ಮಡಿಲ ತುಂಬ ಕಾಳು ತುಂಬಿಕೊಂಡು, ಬದುವಿನ ಒಳಮಗ್ಗುಲಿಗೆ ಹೊರಟರು. ಈ ಸಲ ಬೇಕೆಂದೇ ಚೆಲ್ಲುತ್ತ, ಕಲ್ಲುಗುಡ್ಡೆಯನ್ನು ಸುತ್ತಿ, ಮೂಲೆಗೆ ಬಗ್ಗಿ ನಡೆದರು. ಮರದ ಕೆಳಗಿನಿಂದ ಮುದಿ ದನಿಯೊಂದು ಕೂಗಿತು: “ಈ ಸಲವೂ ಕೂಲಿ ಕೊಡಲ್ಲ, ನೆನಪಿರಲಿ!”

ನಿವೃತ್ತರಿಗೆ ನಿಶ್ಚಿಂತೆಯ ಬಾಳನ್ನು ಹಾರೈಸುವುದು ಇಂಥ ಲೇಖನಗಳ ಕೊನೆಯ ಸಾಲು. ಆ ಹಾರೈಕೆ ನಮ್ಮ ಅಕ್ಕನಿಗೆ ಒಗ್ಗದು, ಕೊಟ್ಟರೂ ಅವರು ಅದನ್ನು ಅನುಮಾನದಿಂದಲೇ ನೋಡಿಯಾರು. ಇಷ್ಟು ವರ್ಷ ಅವರು ನಿದ್ದೆಗೆಟ್ಟದ್ದರಿಂದ ನಾವೆಲ್ಲ ನೆಮ್ಮದಿಯಾಗಿ ನಿದ್ದೆ ಮಾಡಿದೆವು. ಈ ಋಣವನ್ನು ಯಾವ ಶಾಲಿನಿಂದಲೂ ಹೂಹಾರದಿಂದಲೂ ತೀರಿಸಲಾಗದು. ಅಕ್ಕನಿಗೆ ಆಯುಸ್ಸು ದೊಡ್ಡದಾಗಲಿ, ಮಂಡಿಗಳು ಗಟ್ಟಿಯಾಗಿರಲಿ, ದರ್ಜಿಗಳ ಸೂಜಿ ಸಕಾಲಕ್ಕೆ ಕೈಗೆ ಸಿಗಲಿ. ದಿಬ್ಬದ ಹೂ ಅರಳಿದ ದಿನ ಅವರು ನೋಡಲು ಹೋಗಲಿ. ಅಲ್ಲಿ ನಿಂತು, ಈ ಗೆರೆಗೆ ಮಂಜೂರಾತಿ ಇದೆಯೇ ಎಂದು ಖಂಡಿತ ಕೇಳುತ್ತಾರೆ. ಇದೆ ಅಕ್ಕಾ ಎಂದು ಎಷ್ಟು ಸಲ ಬೇಕಾದರೂ ಹೇಳಲು ನಾವಿದ್ದೇವೆ.